ಒಂದೇ ಜೋಡಿ, ಬೇರೆ ರುಚಿ

ಮಲ್ಲಿಕಾ ಮತ್ತು ಆಮ್ರಪಾಲಿ ಒಡಹುಟ್ಟಿದ ಮಾವುಗಳು. ಎರಡಕ್ಕೂ ಹೆತ್ತವರು ಅದೇ ನೀಲಂ, ಅದೇ ದಶೇರಿ. 1970ರ ದಶಕದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಿಂದ ಹೊರಬಂದ ಈ ಅಕ್ಕತಂಗಿಯರು ನಮ್ಮ ವಿಜಯನಗರದ ತಳ್ಳುಗಾಡಿ ಏರುವುದು ತಡವಾಗಿ. ಬಾದಾಮಿ ಮುಗಿಯಬೇಕು, ರಸಪುರಿಯ ಅಬ್ಬರ ಇಳಿಯಬೇಕು, ಮಳೆ ಒಂದೆರಡು ಸಲ ಮಾಗಡಿ ರಸ್ತೆಯನ್ನು ಹೊಳೆ ಮಾಡಬೇಕು. ಆಮೇಲೆ ಮಲ್ಲಿಕಾ ಬರುತ್ತದೆ. ಆಮ್ರಪಾಲಿಯನ್ನು ಮಾತ್ರ ಸ್ವಲ್ಪ ಹುಡುಕಿಕೊಂಡು ಹೋಗಬೇಕು.

ಮಲ್ಲಿಕಾ ಉದ್ದನೆಯ ದೊಡ್ಡ ಹಣ್ಣು. ವಾಟೆ ತೆಳ್ಳಗೆ, ಎಷ್ಟು ತೆಳ್ಳಗೆಂದರೆ ಕೆನ್ನೆ ಕೊಯ್ದ ಮೇಲೂ ಚೀಪಲು ತಿರುಳು ಉಳಿದಿರುತ್ತದೆ. ಕೊಂಡ ದಿನವೇ ಕೊಯ್ದವರಿಗೆ ಅದು ಸಪ್ಪೆ. ಸಿಪ್ಪೆ ತುಸು ಸುಕ್ಕುಗಟ್ಟುವವರೆಗೆ ಕಾದವರಿಗೆ ಜೇನು. ಮೊದಲು ಸಿಹಿ, ಅದರ ಬೆನ್ನಿಗೇ ಒಂದೆಳೆ ಹುಳಿ, ಕೊನೆಗೆ ಗಂಟಲ ಹಿಂದೆ ನಿಲ್ಲುವ ಸಣ್ಣ ಘಮ. ಆಮ್ರಪಾಲಿ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಹಣ್ಣಾದರೂ ಸಿಪ್ಪೆಯ ಹಸಿರು ಪೂರ್ತಿ ಬಿಡುವುದಿಲ್ಲ, ಕೊಯ್ದರೆ ಒಳಗೆ ಕಡು ಕಿತ್ತಳೆ. ಸಿಹಿ ಮಾತ್ರ ದಟ್ಟ, ಮಂದ, ಅದನ್ನು ತಡೆದು ನಿಲ್ಲಿಸುವ ಹುಳಿ ಇಲ್ಲವೇ ಇಲ್ಲ. ನನ್ನ ಓಟು ಮಲ್ಲಿಕಾಗೆ. ಮನೆಯಲ್ಲಿ ಇದಕ್ಕೆ ವಿರೋಧ ಪಕ್ಷವಿದೆ. ಮರಗಳಲ್ಲೂ ವ್ಯತ್ಯಾಸವಿದೆ: ಆಮ್ರಪಾಲಿ ಗಿಡ್ಡ, ಒತ್ತೊತ್ತಾಗಿ ನೆಟ್ಟರೂ ಗೊಣಗದು.

ನೀಲಂ ತಾಯಿಯಾಗಿ, ದಶೇರಿ ಪರಾಗವಾಗಿ ಬಂದದ್ದು ಮಲ್ಲಿಕಾ. ತಿರುಗುಮುರುಗಾದರೆ ಆಮ್ರಪಾಲಿ. ವ್ಯತ್ಯಾಸಕ್ಕೆ ಈ ಅದಲುಬದಲೇ ಕಾರಣವೆಂದು ಕೇಳಿದವರಿಗೆ ತಕ್ಷಣ ಅನ್ನಿಸುತ್ತದೆ. ಆದರೆ ನೀಲಂನ ಒಂದೇ ಕೊಂಬೆಯ ಹೂಗಳಿಗೆ ಒಂದೇ ದಶೇರಿಯ ಪರಾಗವನ್ನು ಮುಟ್ಟಿಸಿ ನೂರು ಸಸಿ ಎಬ್ಬಿಸಿದರೂ ನೂರೂ ಬೇರೆಬೇರೆಯೇ ಆಗುತ್ತವೆ. ಮಲ್ಲಿಕಾ ಅಂಥ ಸಸಿಗಳ ಗುಂಪಿನಲ್ಲಿ ಯಾರದೋ ನಾಲಗೆಗೆ ಸಿಕ್ಕ ಒಂದು ಸಸಿ. ಅದರ ಪಕ್ಕದಲ್ಲಿ ಹುಟ್ಟಿದವು ನಾರುನಾರಾಗಿದ್ದಿರಬಹುದು, ನೀರುನೀರಾಗಿದ್ದಿರಬಹುದು. ಅವುಗಳಿಗೆ ಹೆಸರು ಯಾರೂ ಇಡಲಿಲ್ಲ.

ಈ ಕಥೆ ನಮ್ಮ ಮಗ್ಗುಲಲ್ಲೇ ಇನ್ನೊಮ್ಮೆ ನಡೆದಿದೆ. ರಾಜಾಜಿನಗರದಿಂದ ತುಮಕೂರು ರಸ್ತೆ ಹಿಡಿದು ಹೋದರೆ ಸಿಗುವ ಹೆಸರಘಟ್ಟದಲ್ಲಿ, ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಾದಾಮಿಯನ್ನೂ ಬಂಗನಪಲ್ಲಿಯನ್ನೂ ಕೂಡಿಸಿದರು. ಬಂಗನಪಲ್ಲಿ ತಾಯಿ, ಬಾದಾಮಿ ತಂದೆಯಾಗಿ ಅರ್ಕಾ ಅರುಣ. ಬಾದಾಮಿ ತಾಯಿ, ಬಂಗನಪಲ್ಲಿ ತಂದೆಯಾಗಿ ಅರ್ಕಾ ಪುನೀತ್. ಅರುಣ ಕುಳ್ಳನೆಯ ಮರದಲ್ಲಿ ಅರ್ಧ ಕಿಲೋ ತೂಗುವ ಹಣ್ಣು, ಪುನೀತ್ ಅದರ ಅರ್ಧದಷ್ಟೂ ಇಲ್ಲ. ಎರಡರ ಕೆನ್ನೆಯಲ್ಲೂ ಕೆಂಪಿದೆ. ಬಾದಾಮಿಯನ್ನು ಕೊಯ್ದಾಗ ನಡುವೆ ಸಿಗುವ ಆ ಹಾಳು ಬೆಂಡು ತಿರುಳು ಎರಡರಲ್ಲೂ ಇಲ್ಲ. ಹೆತ್ತವರಲ್ಲಿದ್ದ ದೋಷ ಮಕ್ಕಳಲ್ಲಿ ಕಾಣೆಯಾಗಿದೆ, ಗಾತ್ರ ಒಬ್ಬರಿಗೆ ಹೋಗಿದೆ, ಇನ್ನೊಬ್ಬರಿಗೆ ಬಂದಿಲ್ಲ.

ತಂದೆತಾಯಿ ಇಬ್ಬರ ಗುಣವೂ ಬೆರೆಯುತ್ತದೆ, ಅದಕ್ಕೇ ಹೀಗೆ ಎಂದು ಹೇಳಿ ಮುಗಿಸುವುದು ವಾಡಿಕೆ. ಆ ವಿವರಣೆ ನನಗೆ ಎಂದೂ ಸಾಲದು. ಅರ್ಧ ಅಪ್ಪ, ಅರ್ಧ ಅಮ್ಮ ಎಂಬಷ್ಟೇ ಲೆಕ್ಕವಾಗಿದ್ದರೆ ಮಕ್ಕಳೆಲ್ಲ ಒಂದೇ ಅಚ್ಚಿನಲ್ಲಿ ಬರಬೇಕಿತ್ತು. ಬೆರಕೆ ನಡೆಯುವುದು ಹೂವಿಗೆ ಪರಾಗ ಮುಟ್ಟುವುದಕ್ಕೂ ಮುಂಚೆ, ಮೊಗ್ಗಿನೊಳಗೆ, ಒಂದೊಂದು ಮರದೊಳಗೂ ಪ್ರತ್ಯೇಕವಾಗಿ. ನೀಲಂ ತನ್ನನ್ನು ದಾಟಿಸುವುದೇ ಇಲ್ಲ, ಅದು ದಾಟಿಸುವುದು ತನ್ನ ಅಪ್ಪ-ಅಮ್ಮಂದಿರ ಕಲಸಾಟವನ್ನು. ಯಾವ ಕಾಲದಲ್ಲೋ, ಯಾರ ತೋಪಿನಲ್ಲೋ ನಿಂತಿದ್ದ, ಯಾರಿಗೂ ಹೆಸರು ತಿಳಿಯದ ಎರಡು ಮರಗಳು ನೀಲಂನೊಳಗೆ ಜೋಡಿಯಾಗಿ ಕೂತಿವೆ. ಪ್ರತಿ ಮೊಗ್ಗಿನಲ್ಲೂ ಅವೆರಡರ ಹಂಚಿಕೆ ಹೊಸದಾಗಿ ಆಗುತ್ತದೆ. ದಶೇರಿಯ ಒಳಗೂ ಹಾಗೆಯೇ. ಮಲ್ಲಿಕಾಳ ಆ ಒಂದೆಳೆ ಹುಳಿ ಯಾವ ಅಜ್ಜಿಯದೋ! ಮೊಮ್ಮಕ್ಕಳನ್ನು ಹುಟ್ಟಿಸುವ ಈ ಕೆಲಸಕ್ಕೆ ಮಿಯೋಸಿಸ್ ಎಂದು ಹೆಸರು. ಇದನ್ನು ಪಿಯುಸಿಯಲ್ಲಿ ಐದು ಅಂಕಕ್ಕೆ ಚಿತ್ರ ಬರೆದು ಮರೆತುಬಿಟ್ಟವರೇ ನಾವೆಲ್ಲ.

ಆ ಚಿತ್ರವನ್ನು ಈಗ ಅವಸರವಿಲ್ಲದೆ ನೋಡಬೇಕು. ಮಾವಿನ ವರ್ಣತಂತುಗಳು ತೀರ ಪುಟ್ಟವು, ಕಲಿಯುವವರಿಗೆ ಒಗ್ಗುವುದಿಲ್ಲ. ಕಾಲೇಜುಗಳಲ್ಲಿ ತೋರಿಸುವುದು ಈರುಳ್ಳಿ ಹೂವಿನ ಮೊಗ್ಗನ್ನು. ಕೆಂಗೇರಿಗೆ ಹೋಗುವ ದಾರಿಯ ಜ್ಞಾನಭಾರತಿಯಲ್ಲೋ, ಊರಿನ ಯಾವುದಾದರೂ ಡಿಗ್ರಿ ಕಾಲೇಜಿನಲ್ಲೋ ಸಸ್ಯಶಾಸ್ತ್ರ ಓದಿದವರಿಗೆ ಆ ವಾಸನೆ ನೆನಪಿರುತ್ತದೆ: ಆಲ್ಕೋಹಾಲ್, ಅಸಿಟಿಕ್ ಆಮ್ಲ, ಮೇಲೆ ಕಾರ್ಮೈನ್ ಬಣ್ಣ. ಈ ಕಾರ್ಮೈನ್ ಕಳ್ಳಿಯ ಮೇಲೆ ಬದುಕುವ ಒಂದು ಕೀಟದ ಕೆಂಪು. ಮೊಗ್ಗು ತೀರ ಎಳೆಯದಾದರೆ ಏನೂ ಕಾಣದು, ತುಸು ಬಲಿತರೆ ಆಗಲೇ ಪರಾಗವಾಗಿ ಹೋಗಿರುತ್ತದೆ. ನಡುವಿನ ಗಾತ್ರದ ಒಂದು ಮೊಗ್ಗು ಸಿಕ್ಕಿ, ಅದರ ಪರಾಗಕೋಶವನ್ನು ಗಾಜಿನ ಮೇಲೆ ಹೆಬ್ಬೆರಳಲ್ಲಿ ಹದವಾಗಿ ಅದುಮಿದರೆ, ಆಟ ನಡೆಯುತ್ತಿರುವಾಗಲೇ ನಿಂತುಹೋದ ಜೀವಕೋಶಗಳು ಕಾಣುತ್ತವೆ.

ಮೊದಲಿಗೆ ಬರೀ ಎಳೆಗಳ ಗೊಂದಲ. ಪ್ರತಿ ವರ್ಣತಂತುವೂ ಆಗಲೇ ತನ್ನ ನಕಲು ಮಾಡಿಕೊಂಡು ಜೋಡಿ ಎಳೆಯಾಗಿರುತ್ತದೆ, ಆದರೂ ಕಣ್ಣಿಗೆ ಒಂದೇ. ನಂತರ ನಡೆಯುವುದನ್ನು ಎಷ್ಟು ಓದಿದರೂ ನನಗೆ ಹಳತಾಗುವುದಿಲ್ಲ. ವರ್ಣತಂತುಗಳ ತುದಿಗಳೆಲ್ಲ ಕೋಶಕೇಂದ್ರದ ಗೋಡೆಗೆ ಅಂಟಿಕೊಂಡು ಒಂದೇ ಬದಿಗೆ ಸರಿಯುತ್ತವೆ. ನಡುಭಾಗಗಳು ಕಮಾನಾಗಿ ಹೊರಗೆ ಚಾಚುತ್ತವೆ. ವಿಜ್ಞಾನಿಗಳು ಈ ಹಂತವನ್ನು ಹೂಗುಚ್ಛ ಎಂದೇ ಕರೆಯುತ್ತಾರೆ. ಒಣ ಪರಿಭಾಷೆಯ ಆ ಶಾಸ್ತ್ರದಲ್ಲಿ ಇಂಥ ಹೆಸರು ಉಳಿದಿರುವುದೇ ಸೋಜಿಗ. ತುದಿಗಳು ಹೀಗೆ ಒತ್ತಾಗಿ ಸೇರಿದಾಗ, ಅಪ್ಪನ ಕಡೆಯ ಒಂದನೇ ವರ್ಣತಂತುವಿಗೆ ಅಮ್ಮನ ಕಡೆಯ ಒಂದನೆಯದು ಸಿಗುವುದು ಸಲೀಸಾಗುತ್ತದೆ. ಅದುವರೆಗೆ ಈ ಇಬ್ಬರು ಒಂದೇ ಕೋಶದಲ್ಲಿದ್ದೂ ಒಬ್ಬರ ಮುಖ ಇನ್ನೊಬ್ಬರು ನೋಡಿದವರಲ್ಲ. ಮೈಯ ಸಾಮಾನ್ಯ ಕೋಶಗಳು ಒಡೆದು ಎರಡಾಗುವಾಗಲೂ ಇಬ್ಬರೂ ತಂತಮ್ಮ ಪಾಡಿಗೆ ಇರುತ್ತಾರೆ. ಮೊದಲ ಬಾರಿಗೆ ಈಗ, ಮೊಗ್ಗಿನೊಳಗೆ, ಉದ್ದಕ್ಕೂ ಒಂದಕ್ಕೊಂದು ಸಮನಾಗಿ, ಜಡೆ ಹೆಣೆಯಲು ಜೋಡಿಸಿಟ್ಟ ಕೂದಲಿನ ಕಾಲುಗಳ ಹಾಗೆ ಹೊಂದಿ ಮಲಗುತ್ತಾರೆ. ನಡುವಿನ ಅಂತರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗ. ಅದನ್ನು ಹಿಡಿದಿಡುವ ಪ್ರೋಟೀನಿನ ಏಣಿಯಂಥ ರಚನೆಯನ್ನು ಮಾಂಟ್ರೋಸ್ ಮೋಸೆಸ್ ಮತ್ತು ಡಾನ್ ಫಾಸೆಟ್ ಇಬ್ಬರೂ ಬೇರೆಬೇರೆಯಾಗಿ 1956ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು.

ಇದಾಗುವ ಹೊತ್ತಿಗೆ ಕೋಶವು ತನ್ನ ಡಿಎನ್‌ಎಯನ್ನು ತಾನೇ ಕತ್ತರಿಸುತ್ತದೆ. ಒಂದೆರಡು ಕಡೆಯಲ್ಲ, ನೂರಾರು ಕಡೆ! ಬೇರೆ ಯಾವ ಹೊತ್ತಿನಲ್ಲಾದರೂ ಇಷ್ಟು ಕಡೆ ಎಳೆ ಕಡಿದರೆ ಕೋಶ ಗಾಬರಿಬಿದ್ದು ಸಾಯಲು ಹೊರಡುತ್ತದೆ. ಈಗ ಮಾತ್ರ ಬೇಕೆಂದೇ, ಸ್ಪೋ11 ಎಂಬ ಒಂದು ಪ್ರೋಟೀನಿನ ಕೈಯಲ್ಲಿ ಕಡಿಸಿಕೊಂಡು, ಕಡಿದಲ್ಲೆಲ್ಲ ಜೊತೆಗಾರನನ್ನು ನೋಡಿ ರಿಪೇರಿ ಮಾಡಿಕೊಳ್ಳುತ್ತದೆ. ಹೆಚ್ಚಿನ ಗಾಯಗಳು ಹೇಳಹೆಸರಿಲ್ಲದೆ ಮಾಯುತ್ತವೆ. ಕೆಲವು ಮಾತ್ರ ಅದಲುಬದಲಾಗಿ ಮಾಯುತ್ತವೆ: ಇಲ್ಲಿಂದ ಮುಂದಕ್ಕೆ ಅಜ್ಜನ ಎಳೆ ಅಜ್ಜಿಯದಕ್ಕೆ, ಅಜ್ಜಿಯ ಎಳೆ ಅಜ್ಜನದಕ್ಕೆ. ಪ್ರತಿ ಜೋಡಿಗೂ ಸಾಮಾನ್ಯವಾಗಿ ಕನಿಷ್ಠ ಒಂದಾದರೂ ಅದಲುಬದಲು ಆಗಲೇಬೇಕು. ಒಂದು ಆದ ಕಡೆ ಪಕ್ಕದಲ್ಲೇ ಇನ್ನೊಂದು ಆಗುವುದು ಅಪರೂಪ. ಒಂದಕ್ಕೂ ಕಡಿಮೆಯಿಲ್ಲ, ಅತಿಯೂ ಇಲ್ಲ ಎಂಬ ಈ ಹದವನ್ನು ಕೋಶ ಹೇಗೆ ಕಾಯುತ್ತದೆ ಎಂಬುದರ ಮೇಲೆ ಇಂದಿಗೂ ಪ್ರಯೋಗಶಾಲೆಗಳು ಕಚ್ಚಾಡುತ್ತಿವೆ.

ಬಳಿಕ ಏಣಿ ಕಳಚುತ್ತದೆ. ಜೊತೆಗಾರರು ದೂರ ಸರಿಯಲು ನೋಡುತ್ತಾರೆ. ಆದರೆ ಅದಲುಬದಲಾದ ಕಡೆ ಮಾತ್ರ ಸಿಕ್ಕಿಕೊಂಡಿರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ರಸಿಕರಿಗೆ ಹಬ್ಬ ಇಲ್ಲಿ. ಈರುಳ್ಳಿಯ ಎಂಟು ಜೋಡಿಗಳಲ್ಲಿ ಒಂದು ಕತ್ತರಿಯ ಹಾಗೆ, ಇನ್ನೊಂದು ಬಳೆಯ ಹಾಗೆ, ಮತ್ತೊಂದು ಎಂಟರ ಅಂಕಿಯ ಹಾಗೆ, ಒಂದೊಂದಕ್ಕೂ ಒಂದೊಂದು ಭಂಗಿ. 1909ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಪಾದ್ರಿಯೂ ವಿಜ್ಞಾನಿಯೂ ಆಗಿದ್ದ ಫ್ರಾನ್ಸ್ ಯಾನ್ಸೆನ್ಸ್, ಸಾಲಮಾಂಡರ್‌ಗಳ ಕೋಶಗಳಲ್ಲಿ ಈ ಕತ್ತರಿಗಳನ್ನು ನೋಡಿ, ಎಳೆಗಳು ಇಲ್ಲಿ ಬರೀ ಒಂದರ ಮೇಲೊಂದು ಬಿದ್ದಿಲ್ಲ, ಕಡಿದು ಬೇರೆಯದಕ್ಕೆ ಕೂಡಿಕೊಂಡಿವೆ ಎಂದರು. ಸಾಕ್ಷ್ಯ ಸಾಲದೆಂದು ಹಲವರು ಮೂಗು ಮುರಿದರು. ನ್ಯೂಯಾರ್ಕಿನಲ್ಲಿ ನೊಣಗಳ ವಂಶಾವಳಿ ಬರೆಯುತ್ತಿದ್ದ ಥಾಮಸ್ ಹಂಟ್ ಮಾರ್ಗನ್ ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕಣ್ಣಿಗೆ ಕಾಣುವ ಪುರಾವೆ ಬಂದದ್ದು 1931ರಲ್ಲಿ, ಮೆಕ್ಕೆಜೋಳದಲ್ಲಿ, ಹ್ಯಾರಿಯೆಟ್ ಕ್ರೈಟನ್ ಮತ್ತು ಬಾರ್ಬರಾ ಮೆಕ್ಲಿಂಟಾಕ್ ಕೈಯಿಂದ.

ಮುಂದಿನದು ಪಠ್ಯಪುಸ್ತಕದಲ್ಲೆಲ್ಲ ಇರುವುದೇ. ಜೋಡಿಗಳು ನಡುವಿನ ಗೆರೆಯಲ್ಲಿ ನಿಲ್ಲುತ್ತವೆ, ಯಾವ ಜೋಡಿಯಲ್ಲಿ ಯಾರು ಎಡಕ್ಕೆ ಯಾರು ಬಲಕ್ಕೆ ಎಂಬುದಕ್ಕೆ ನಿಯಮವಿಲ್ಲ, ಎಳೆದುಕೊಂಡು ಬೇರೆಯಾಗುತ್ತವೆ, ಇನ್ನೊಮ್ಮೆ ಒಡೆಯುತ್ತವೆ, ಒಂದು ಕೋಶದಿಂದ ಅರ್ಧರ್ಧ ಪಾಲಿನ ನಾಲ್ಕು. ಮಾವಿಗೆ ಇಪ್ಪತ್ತು ಜೋಡಿ. ಎಡಬಲದ ಆಟವೊಂದರಿಂದಲೇ 10,48,576 ಬಗೆಯ ಪರಾಗ ಸಾಧ್ಯ, ಅಂಡವೂ ಅಷ್ಟೇ ಬಗೆ. ಎರಡೂ ಕೂಡಿದರೆ ಲಕ್ಷ ಕೋಟಿ ದಾಟುತ್ತದೆ, ಕತ್ತರಿಯ, ಅಂದರೆ ಅದಲುಬದಲಿನ, ಲೆಕ್ಕ ಇದರಲ್ಲಿ ಸೇರಿಲ್ಲ. ನಮ್ಮ ಪಶ್ಚಿಮಘಟ್ಟದ ಹೆಣ್ಣು ಕಾಡುಕುರಿಗೆ ಇರುವುದು ಮೂರೇ ಜೋಡಿ, ಸಸ್ತನಿಗಳಲ್ಲೇ ತೀರ ಕಡಿಮೆ. ಎಡಬಲದ ಆಟದಿಂದ ಅದಕ್ಕೆ ದಕ್ಕುವುದು ಎಂಟು ಬಗೆ ಮಾತ್ರ. ಕತ್ತರಿ ಇಲ್ಲದಿದ್ದರೆ ಅದರ ಮಕ್ಕಳ ಗತಿ ಏನಾಗುತ್ತಿತ್ತೋ.

ಈ ಆಟವನ್ನೇ ಹೆಚ್ಚುಕಡಿಮೆ ಬಿಟ್ಟುಕೊಟ್ಟ ಒಂದು ಗಿಡ ರಾಜಾಜಿನಗರ, ಬಸವೇಶ್ವರನಗರದ ಪಾರ್ಕುಗಳ ಅಂಚಿನಲ್ಲೇ ಇದೆ. ಮೇಲೆ ಹಸಿರು, ಅಡಿ ನೇರಳೆ ಬಣ್ಣದ ಕತ್ತಿಯಂಥ ಎಲೆ, ಎಲೆಯ ಬುಡದಲ್ಲಿ ಪುಟ್ಟ ದೋಣಿ, ದೋಣಿಯೊಳಗಿಂದ ಇಣುಕುವ ಮೂರೆಸಳಿನ ಬಿಳಿ ಹೂ. ನರ್ಸರಿಯವರು ರೋಯಿಯೋ ಎನ್ನುತ್ತಾರೆ. ವಾಕಿಂಗ್ ಬಂದವರು ಅದರ ಮೇಲೆ ಕಾಲಿಟ್ಟು ದಾಟುತ್ತಾರೆ. ಇದರ ಮೊಗ್ಗನ್ನು ಅದುಮಿ ನೋಡಿದರೆ ಆರು ಜೋಡಿ ಕಾಣುವುದಿಲ್ಲ. ಹನ್ನೆರಡು ವರ್ಣತಂತುಗಳೂ ತುದಿಗೆ ತುದಿ ಹಿಡಿದು ಒಂದೇ ಉಂಗುರವಾಗಿ, ಕೆಲವೊಮ್ಮೆ ಕಡಿದ ಸರಪಳಿಯಾಗಿ ನಿಂತಿರುತ್ತವೆ. ಯಾವುದೋ ಕಾಲದಲ್ಲಿ ಅವುಗಳ ತೋಳುಗಳು ಒಂದರದು ಇನ್ನೊಂದಕ್ಕೆ ಹೋಗಿ, ಈಗ ಪ್ರತಿಯೊಂದಕ್ಕೂ ಎಡಗಡೆಯ ನೆಂಟ ಒಬ್ಬ, ಬಲಗಡೆಯ ನೆಂಟ ಇನ್ನೊಬ್ಬ. ಬೇರೆಯಾಗುವಾಗ ಒಂದು ಬಿಟ್ಟು ಒಂದರಂತೆ ಆರು ಮೇಲಕ್ಕೆ, ಆರು ಕೆಳಕ್ಕೆ. ಬಾಳುವ ಹಂಚಿಕೆ ಎರಡೇ, ಎಡಬಲದ ಅರವತ್ನಾಲ್ಕು ಸಾಧ್ಯತೆಗಳೂ ಮುಚ್ಚಿಹೋಗಿವೆ. ಅದಕ್ಕೇ ಈ ಗಿಡದ ಮಕ್ಕಳು ತಾಯಿಯ ಹಾಗೆಯೇ ಇರುತ್ತವೆ. ನೋಡಲು ಆ ಉಂಗುರದಷ್ಟು ಚೆಂದದ್ದು ಮಿಯೋಸಿಸ್‌ನಲ್ಲಿ ಬೇರೊಂದಿಲ್ಲ. ಮಕ್ಕಳ ವಿಷಯದಲ್ಲಿ ಅದರಷ್ಟು ಜಿಪುಣವೂ ಇಲ್ಲ.

ಇದಕ್ಕೆ ತದ್ವಿರುದ್ಧ ಹಲಸು. ಮಾಗಡಿ, ತುಮಕೂರು ಕಡೆಯಿಂದ ಬಂದ ಹಣ್ಣುಗಳನ್ನು ಗಾಡಿಯ ಮೇಲೆ ಸೀಳಿಟ್ಟು, ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುವವರ ಮುಂದೆ ವಿಜಯನಗರದಲ್ಲಿ ಸಂಜೆಹೊತ್ತು ಜನ ಮುತ್ತಿರುತ್ತಾರೆ. ಒಂದು ರುಚಿ ನೋಡಿ ಕೊಳ್ಳುವ ಹಕ್ಕು ಎಲ್ಲರಿಗೂ ಇದೆ. ಅದನ್ನು ಚಲಾಯಿಸದವರು ಇಲ್ಲ. ಬಕ್ಕೆಯ ಗರಿಗರಿ, ಅಂಬಲಿ ಹಲಸಿನ ಜಾರು, ಚಂದ್ರ ಹಲಸಿನ ಕೆಂಪು. ಒಂದು ಹಣ್ಣಿನ ಒಂದು ತೊಳೆ ಸಿಹಿಯಾಗಿದ್ದರೆ ಮಿಕ್ಕವೂ ಸಿಹಿ ಎಂಬ ಭರವಸೆಯ ಮೇಲೆ ಈ ವ್ಯಾಪಾರ ನಿಂತಿದೆ. ಭರವಸೆ ಸುಳ್ಳಲ್ಲ. ಹಲಸು ಒಂದು ಹಣ್ಣಲ್ಲ, ನೂರಾರು ಹೆಣ್ಣುಹೂಗಳು ಒಟ್ಟಾಗಿ ಬಲಿತ ಗೊಂಚಲು. ಒಂದೊಂದು ತೊಳೆ ಒಂದೊಂದು ಹೂ. ನಾವು ತಿನ್ನುವ ಭಾಗ ಹೂವಿನ ಹೊರಕವಚ, ಅಂದರೆ ತಾಯಿಮರದ ಮೈ. ಆದ್ದರಿಂದ ರುಚಿ ಎಲ್ಲದರಲ್ಲೂ ಒಂದೇ. ಒಳಗಿನ ಬೀಜಗಳು ಮಾತ್ರ ಒಂದರ ಹಾಗೆ ಒಂದಿಲ್ಲ. ಪ್ರತಿಯೊಂದಕ್ಕೂ ತಾಯಿಯ ಬೇರೊಂದು ಹಂಚಿಕೆ ಬಂದಿದೆ, ಪರಾಗವೂ ಬೇರೆ ಬೇರೆ ಮರದ್ದಾಗಿರಬಹುದು. ತಾಯಿಯನ್ನು ತಿಂದು ಮಕ್ಕಳನ್ನು ಉಗುಳುತ್ತೇವೆ, ಉಗುಳದೆ ಉಳಿಸಿದ ಮನೆಗಳಲ್ಲಿ ಮಾರನೆಯ ದಿನ ಹುಳಿಯಾಗುತ್ತದೆ. ಬೇಯುತ್ತಿರುವ ಆ ಒಂದು ಹಿಡಿ ಬೀಜದಲ್ಲಿ ಕೆಂಪು ತೊಳೆಯ ಮರವೊಂದು ಇದ್ದಿರಲಾರದು ಎಂದು ಯಾರು ಹೇಳಬಲ್ಲರು?

ಹಾಗೆ ಉಳಿದು ಮರವಾದದ್ದೇ ಸಿದ್ದು ಹಲಸು. ತುಮಕೂರು ಜಿಲ್ಲೆಯ ಚೇಳೂರಿನ ರೈತ ಪರಮೇಶ್ ಅವರ ಹೊಲದಲ್ಲಿ ಬೀಜದಿಂದ ಎದ್ದ ಒಂದೇ ಒಂದು ಮರ. ಹಣ್ಣು ಸುಮಾರು ಎರಡೂವರೆ ಕಿಲೋ, ಮೆಟ್ರೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತರಬಹುದಾದ ಗಾತ್ರ, ತೊಳೆ ತಾಮ್ರಗೆಂಪು. 2017ರಲ್ಲಿ ಹೆಸರಘಟ್ಟದ ಸಂಸ್ಥೆಯವರು ಅವರೊಡನೆ ಒಪ್ಪಂದ ಮಾಡಿಕೊಂಡು ಅದರ ಕಸಿ ಗಿಡಗಳನ್ನು ಹಂಚತೊಡಗಿದರು. ಮರ ನೆಟ್ಟ ತಂದೆ ಸಿದ್ದಪ್ಪನವರ ಹೆಸರೇ ತಳಿಗೂ ಆಯಿತು. ಕಸಿಯ ಗುಟ್ಟೇ ಇದು: ಒಮ್ಮೆ ಬಿದ್ದ ಅದೃಷ್ಟದ ಗರವನ್ನು ಮತ್ತೆ ಎತ್ತಿಕೊಳ್ಳಲು ಬಿಡದೆ ಹಿಡಿದಿಡುವುದು. ನಾವು ಹಂಬಲಿಸುವ ರಸಪುರಿ, ಬಾದಾಮಿ ಎಲ್ಲವೂ ಹೀಗೆ ಎಂದೋ ಹುಟ್ಟಿದ ಒಂದೊಂದು ಮರದ ತುಂಡುಗಳು. ಕಸಿ ಮಾಡದೆಯೂ ನಕಲು ತೆಗೆಯುವ ಮಾವುಗಳು ಕರಾವಳಿಯಲ್ಲಿವೆ. ಒಲೂರ್, ಬಪ್ಪಕಾಯಿಯಂಥವು ಒಂದೇ ವಾಟೆಯಿಂದ ಹಲವು ಸಸಿ ಎಬ್ಬಿಸುತ್ತವೆ, ಅವುಗಳಲ್ಲಿ ಹೆಚ್ಚಿನವು ತಾಯಿಯ ಅಂಗಾಂಶದಿಂದ ನೇರವಾಗಿ ಹುಟ್ಟಿದವು, ಮಿಯೋಸಿಸ್ಸಿನ ಗೊಡವೆಯೇ ಇಲ್ಲ. ಮಲೆನಾಡಿನ ಹೊಳೆಬದಿಯ ಅಪ್ಪೆಮಿಡಿ ಮರಗಳದು ಇನ್ನೊಂದು ದಾರಿ. ಅಲ್ಲಿ ಒಂದು ಮರದ ಮಿಡಿಯ ಪರಿಮಳ ಇನ್ನೊಂದಕ್ಕಿಲ್ಲ, ಮರಮರಕ್ಕೂ ಹೆಸರಿದೆ. ರಾಜಾಜಿನಗರದಲ್ಲಿ ನೆಲೆಸಿದ ಸಾಗರ-ಶಿರಸಿಯವರ ಅಡುಗೆಮನೆಯಲ್ಲಿ ಜಾಡಿ ತೆರೆದಾಗ ಅದರ ಭಾಗ್ಯ ನಮಗೂ ಸ್ವಲ್ಪ.

ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ರಾಮನಗರ, ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ. ಇತ್ತ ಮಾಗಡಿ ರಸ್ತೆಯ ಕೊನೆಗೆ ಮಾಗಡಿ, ಅದರಾಚೆ ಕುಣಿಗಲ್: ಮೈಸೂರು ಶುದ್ಧ ತಳಿಯ ಬಿತ್ತನೆ ಗೂಡು ಬೆಳೆಯುವ ಸೀಮೆ. ಈ ಹಳದಿ-ಹಸಿರು ಬಣ್ಣದ ಚೂಪು ಗೂಡಿನ ತಳಿಯನ್ನು ಬಿಳಿಗೂಡಿನ ದ್ವಿತಳಿಯೊಡನೆ ಕೂಡಿಸಿ ಪಡೆದ ಮಿಶ್ರತಳಿಯ ಹುಳುಗಳು ಒಂದೇ ಸಮ ಮೇಯುತ್ತವೆ, ಒಂದೇ ಸಮ ಹಣ್ಣಾಗುತ್ತವೆ, ಒಂದೇ ಬಗೆಯ ಗೂಡು ಕಟ್ಟುತ್ತವೆ. ಮಾವಿನಲ್ಲಿ ನೂರು ಮಕ್ಕಳು ನೂರು ಬಗೆ, ಹುಳುವಿನಲ್ಲಿ ಸಾವಿರ ಮಕ್ಕಳೂ ಒಂದೇ ಬಗೆ, ಏಕೆ? ತಲೆತಲಾಂತರದಿಂದ ತಮ್ಮತಮ್ಮೊಳಗೇ ಕೂಡಿಸಿ ಬೆಳೆಸಿದ ಶುದ್ಧ ತಳಿಯಲ್ಲಿ ಅಜ್ಜ-ಅಜ್ಜಿಯ ಎಳೆಗಳು ಹೆಚ್ಚುಕಡಿಮೆ ಒಂದೇ. ಎಷ್ಟು ಅದಲುಬದಲು ಮಾಡಿದರೂ ಕೈಗೆ ಬರುವುದು ಅದೇ. ಆದರೆ ಆ ಮಿಶ್ರತಳಿಯ ಗೂಡಿನಿಂದಲೇ ಚಿಟ್ಟೆ ಎಬ್ಬಿಸಿ ಮೊಟ್ಟೆ ಇಡಿಸಿದ ರೈತನ ಮುಂದಿನ ಬೆಳೆ ಚೆಲ್ಲಾಪಿಲ್ಲಿ: ಕೆಲವು ಹುಳು ದಪ್ಪ, ಕೆಲವು ಸಣಕಲು, ಗೂಡಿನ ಬಣ್ಣವೂ ಒಂದೊಂದು. ಎರಡು ತಳಿಗಳು ಒಂದೇ ಮೈಯಲ್ಲಿ ಸೇರಿದ ಮೇಲೆ ಬಂದ ಮೊದಲ ಮಿಯೋಸಿಸ್ ಅದು. ಬಿತ್ತನೆ ಕೋಠಿಯಿಂದ ಪ್ರತಿ ಸಲವೂ ಹೊಸ ಮೊಟ್ಟೆ ತರಬೇಕೆಂಬ ಹಳ್ಳಿಯ ಕಟ್ಟುಪಾಡಿನ ಹಿಂದಿರುವುದು ಇದೇ.

ಇನ್ನೊಂದು ವಿಚಿತ್ರ ರೇಷ್ಮೆ ಚಿಟ್ಟೆಯದು. ಹೆಣ್ಣಿನಲ್ಲಿ ಕತ್ತರಿ ಬೀಳುವುದೇ ಇಲ್ಲ. ಗಂಡಿನಲ್ಲಿ ಎಳೆಗಳು ಅದಲುಬದಲಾಗುತ್ತವೆ, ಹೆಣ್ಣಿನಲ್ಲಿ ಅಜ್ಜನ ವರ್ಣತಂತು ಇಡಿಯಾಗಿ, ಅಜ್ಜಿಯದು ಇಡಿಯಾಗಿ ದಾಟುತ್ತವೆ. ಜಪಾನಿನ ಯೋಶಿಮಾರೊ ತನಾಕ 1910ರ ದಶಕದಲ್ಲೇ ಇದನ್ನು ಕಂಡುಹಿಡಿದರು. ಹಣ್ಣಿನ ನೊಣದಲ್ಲಿ ಇದೇ ಸಂಗತಿ ತಿರುಗುಮುರುಗಾಗಿದೆ, ಅಲ್ಲಿ ಕತ್ತರಿಯಿಲ್ಲದ್ದು ಗಂಡಿಗೆ. ಸಾಮಾನ್ಯವಾಗಿ ಬೇರೆಯಾಗುವ ಘಳಿಗೆಯವರೆಗೆ ಜೋಡಿಯನ್ನು ಹಿಡಿದಿಡುವ ಕೊಂಡಿಯೂ ಆ ಕತ್ತರಿಯೇ. ಅದಿಲ್ಲದೆ ಜೋಡಿ ದಿಕ್ಕುತಪ್ಪುತ್ತದೆ. ಹೆಣ್ಣುಚಿಟ್ಟೆ ಇದಕ್ಕೆ ಕಂಡುಕೊಂಡ ಉಪಾಯ, ಪ್ರೋಟೀನಿನ ಆ ಏಣಿಯನ್ನೇ ಕಳಚದೆ ರೂಪ ಬದಲಿಸಿ ಕೊನೆಯವರೆಗೆ ಉಳಿಸಿಕೊಳ್ಳುವುದು. ಅಂದಹಾಗೆ ರೇಷ್ಮೆಹುಳುವಿಗೆ ಐವತ್ತಾರು ವರ್ಣತಂತು, ಹಲಸಿಗೂ ಐವತ್ತಾರು, ಹಲಸು ಹಿಪ್ಪುನೇರಳೆಯ ಕುಟುಂಬದ್ದೇ ಮರ. ಇದಕ್ಕೆ ಯಾವ ಅರ್ಥವೂ ಇಲ್ಲ. ಆದರೂ ಖುಷಿಯಾಗುತ್ತದೆ.

ಮನುಷ್ಯರ ವಿಷಯಕ್ಕೆ ಬರೋಣ. ನಮ್ಮ ಕಡೆ ತೊಟ್ಟಿಲಿಗೆ ಹಾಕುವ ಶಾಸ್ತ್ರದ ದಿನ ಮಗುವಿನ ಮುಖವನ್ನು ಪಾಲು ಮಾಡುವ ಕಲಾಪ ಇದ್ದೇ ಇರುತ್ತದೆ. ಹಣೆ ಅವರ ಕಡೆಯದು, ಮೂಗು ಇವರ ಕಡೆಯದು, ಕಿವಿ ಥೇಟ್ ಸೋದರಮಾವನದು. ಗಂಡಿನ ಕಡೆ, ಹೆಣ್ಣಿನ ಕಡೆ ಎಂದು ಎರಡು ಪಕ್ಷ ಮಾಡಿಕೊಂಡು ವಾದಿಸುತ್ತಾರೆ. ಆದರೆ ಮಗುವಿನ ಅಪ್ಪ-ಅಮ್ಮ ಇಬ್ಬರೂ ಬರೀ ದಾಟಿಸಿದವರು, ಪಾಲುದಾರರು ನಾಲ್ವರು ಹಿರಿಯರು. ಇಪ್ಪತ್ಮೂರು ಜೋಡಿಗಳ ಎಡಬಲದಿಂದಲೇ ಒಬ್ಬೊಬ್ಬರ ಕಡೆ 83,88,608 ಬಗೆ, ಎರಡೂ ಕಡೆ ಸೇರಿ ಸುಮಾರು 70 ಲಕ್ಷ ಕೋಟಿ. ಈ ಅಂಕಿಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಇದಕ್ಕಿಂತ ಹೆಚ್ಚು ಹಿಡಿಸಿರುವುದು ಈ ಹಂಚಿಕೆಯ ಕಾಲ.

ಹೆಣ್ಣಿನಲ್ಲಿ ಮಿಯೋಸಿಸ್ ಶುರುವಾಗುವುದು ಅವಳಿನ್ನೂ ಬಸಿರಲ್ಲಿರುವಾಗ. ಮೂರನೇ ತಿಂಗಳ ಹೊತ್ತಿಗೆ ಆರಂಭ. ಐದನೆಯದರ ಹೊತ್ತಿಗೆ ಆ ಪುಟ್ಟ ಅಂಡಾಶಯಗಳಲ್ಲಿ ಅರವತ್ತು-ಎಪ್ಪತ್ತು ಲಕ್ಷ ಅಂಡಕಣಗಳಿರುತ್ತವೆ, ಹುಟ್ಟುವಷ್ಟರಲ್ಲಿ ಹತ್ತಿಪ್ಪತ್ತು ಲಕ್ಷಕ್ಕೆ ಇಳಿದಿರುತ್ತವೆ. ಅಷ್ಟರೊಳಗೆ ಹೂಗುಚ್ಛ, ಜೋಡಿ, ಕಡಿತ, ಅದಲುಬದಲು ಎಲ್ಲ ಮುಗಿದು, ಕತ್ತರಿಗಳು ಬಿಗಿದುಕೊಂಡ ಸ್ಥಿತಿಯಲ್ಲೇ ಆಟ ನಿಂತುಬಿಡುತ್ತದೆ. ಹದಿನೈದೋ ಮೂವತ್ತೋ ನಲವತ್ತೋ ವರ್ಷ. ಯಾವ ತಿಂಗಳು ಯಾವ ಅಂಡ ಎದ್ದಿತೋ ಅದು ಮಾತ್ರ ಮೊದಲ ವಿಭಜನೆ ಮುಗಿಸುತ್ತದೆ. ಎರಡನೆಯದು ಮುಗಿಯುವುದು ವೀರ್ಯಾಣು ಒಳಹೊಕ್ಕ ಮೇಲೆಯೇ.

ಅಂದರೆ 1960ರ ದಶಕದ ರಾಜಾಜಿನಗರದ ಹೆಂಚಿನ ಮನೆಯೊಂದರಲ್ಲಿ ಹಸಿರು ಬಳೆ ತೊಟ್ಟು ಸೀಮಂತಕ್ಕೆ ಕೂತ ಏಳು ತಿಂಗಳ ಬಸುರಿಯೊಳಗೆ ಹೆಣ್ಣುಮಗುವಿದ್ದರೆ, ಆ ಮಗುವಿಗೆ ಇಪ್ಪತ್ತೈದು ವರ್ಷದ ಬಳಿಕ ಹುಟ್ಟಲಿರುವವರ ಪಾಲಿನ ಅದಲುಬದಲುಗಳು ಆ ಹಸೆಯ ಮೇಲೆಯೇ ನಡೆದುಹೋಗಿದ್ದವು. ಆರತಿ ಎತ್ತಿದವರಿಗೆ ಗೊತ್ತಿರಲಿಲ್ಲ, ಆ ಬಸುರಿಯ ಮತ್ತು ಅವಳ ಗಂಡನ ವರ್ಣತಂತುಗಳು ಮಗಳ ಒಳಗೆ ಒಂದನ್ನೊಂದು ಹುಡುಕಿ, ಕಡಿದು, ಕೂಡಿಕೊಂಡು ಕೂತಿದ್ದವು ಎಂದು. ಗಂಡಸಿನಲ್ಲಿ ಕಥೆ ಬೇರೆ. ಅಲ್ಲಿ ಮಿಯೋಸಿಸ್ ಪ್ರಾಯಕ್ಕೆ ಬಂದ ಮೇಲೆ ಶುರುವಾಗಿ ನಿಲ್ಲದೆ ನಡೆಯುತ್ತದೆ, ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳ ಮೇಲೆ ಸ್ವಲ್ಪ ಸಾಕು. ಮಗುವಿನ ಒಂದು ಅರ್ಧ ದಶಕಗಳಷ್ಟು ಹಳೆಯದು, ಇನ್ನೊಂದು ಅರ್ಧ ಕಳೆದ ಹಬ್ಬದ ಆಚೀಚಿನದು.

ಹೆಚ್ಚು ಕಾಯುವ ಹೆಣ್ಣಿನಲ್ಲಿ ಕತ್ತರಿಯೂ ಹೆಚ್ಚು. ಒಂದು ಅಂಡದಲ್ಲಿ ಸರಾಸರಿ ನಲವತ್ತರ ಆಸುಪಾಸು ಅದಲುಬದಲು, ಒಂದು ವೀರ್ಯಾಣುವಿನಲ್ಲಿ ಇಪ್ಪತ್ತಾರರ ಆಸುಪಾಸು. ಹೀಗಾಗಿ ಅಮ್ಮನ ಕಡೆಯ ಅಜ್ಜ-ಅಜ್ಜಿ ಸಣ್ಣ ಸಣ್ಣ ತುಣುಕುಗಳಾಗಿ ಬರುತ್ತಾರೆ, ಅಪ್ಪನ ಕಡೆಯವರು ದೊಡ್ಡ ದೊಡ್ಡ ತುಂಡುಗಳಾಗಿ. ಅದರಲ್ಲೂ ಒಂದು ವಿಶೇಷ. ಅಪ್ಪನಲ್ಲಿರುವ ಒಂದೇ ಒಂದು ಎಕ್ಸ್ ಅವನ ಅಮ್ಮ ಕೊಟ್ಟದ್ದು, ಅದಕ್ಕೆ ಜೊತೆಗಾರನಾಗಿ ಸಿಗುವುದು ಚೋಟುದ್ದದ ವೈ. ಎರಡೂ ತಮ್ಮ ತುದಿಗಳ ಸಣ್ಣ ಪಟ್ಟಿಯಲ್ಲಷ್ಟೇ ಕೂಡಿಕೊಳ್ಳುತ್ತವೆ, ನಡುವಿನ ಉದ್ದಕ್ಕೆ ಕತ್ತರಿ ತಾಗುವುದಿಲ್ಲ. ಮೊಮ್ಮಗನಾದರೆ ಅಜ್ಜನ ವೈ ಅವನಿಗೆ ಹೋಗುತ್ತದೆ. ಮೊಮ್ಮಗಳಾದರೆ, ಅಜ್ಜಿ ತನ್ನ ಮಗನಿಗೆ ಕೊಟ್ಟಿದ್ದ ಎಕ್ಸ್ ತುದಿ ಬಿಟ್ಟು ಪೂರ್ತಿಯಾಗಿ ಅವಳಿಗೆ ಸೇರುತ್ತದೆ. ತೊಟ್ಟಿಲ ಪಕ್ಕ ಕೂತು, ಇವಳು ನನ್ನ ಥರವೇ ಎಂದು ಪಟ್ಟುಹಿಡಿಯುವ ಅಪ್ಪನ ಅಮ್ಮನಿಗೆ, ಒಂದು ವರ್ಣತಂತುವಿನ ಮಟ್ಟಿಗಾದರೂ, ಮಿಕ್ಕ ಮೂವರಿಗೆ ಇಲ್ಲದ ಪುರಾವೆ ಇದೆ.